ಮಳೆಗಿಂತ ಮೊದಲೇ ಬರುವ ಗಾಳಿ: ತೆಂಗು ಕಡಿಸಬೇಕಾ, ಅರೆಸ್ಟರ್ ಹಾಕಿಸಬೇಕಾ?

ಪ್ರಶ್ನೆ:

ಸರ್, ನಮ್ಮದು ಅರಸೀಕೆರೆ ತಾಲ್ಲೂಕು, ಬಾಣಾವರದ ಹತ್ತಿರ ಒಂದು ಹಳ್ಳಿ. ತೋಟದಲ್ಲೇ ಮನೆ. ಮನೆಗೆ ಆರ್‌ಸಿಸಿ ಇದೆ, ಪಕ್ಕದ ಕೊಟ್ಟಿಗೆಗೆ ತಗಡಿನ ಶೀಟು. ಹೋದ ವರ್ಷ ಭರಣಿ ಮಳೆ ಸಮಯ, ಸಂಜೆ ನಾಲ್ಕೂವರೆ ಇರಬಹುದು, ಒಂದು ಹನಿ ಬೀಳೋಕೆ ಮೊದಲೇ ಗಾಳಿ ಬಂತು. ಐದು ನಿಮಿಷದಲ್ಲಿ ಕೊಟ್ಟಿಗೆಯ ಶೀಟು ಪೈಪಿನ ಸಮೇತ ಎದ್ದು ಪಕ್ಕದವರ ಹೊಲದಲ್ಲಿ ಬಿತ್ತು. ಶೀಟಿನ ಮೇಲೆ ಭಾರಕ್ಕೆ ಅಂತ ಇಟ್ಟಿದ್ದ ಕಲ್ಲು ಹಸುವಿನ ಪಕ್ಕದಲ್ಲೇ ಬಿದ್ದವು. ಎರಡು ತೆಂಗು, ಒಂದು ಸಿಲ್ವರ್ ಮರ ಉರುಳಿದವು. ಮೂರೂ ಈಶಾನ್ಯಕ್ಕೆ ತಲೆ ಹಾಕಿ ಬಿದ್ದಿದ್ದವು. ಆಮೇಲೆ ಮನೆಯಿಂದ ಅರವತ್ತು ಅಡಿ ದೂರದ ಇನ್ನೊಂದು ತೆಂಗಿಗೆ ಸಿಡಿಲು ಹೊಡೀತು. ಟಿವಿ, ಬೋರ್‌ವೆಲ್ ಸ್ಟಾರ್ಟರ್ ಎರಡೂ ಸುಟ್ಟುಹೋದವು. ಟಿವಿ ಸ್ವಿಚ್ ಆಫ್ ಮಾಡಿಯೇ ಇತ್ತು.

ಇದು ಸುಂಟರಗಾಳಿನಾ? ಮೊದಲು ಹೀಗೆ ಇರಲಿಲ್ಲ ಅಂತ ಊರಲ್ಲಿ ಎಲ್ಲರೂ ಅಂತಾರೆ. ಮುನ್ನೂರು ಮೀಟರ್ ದೂರದಲ್ಲಿ ಮೊಬೈಲ್ ಟವರ್ ಬಂದ ಮೇಲೆ ಸಿಡಿಲು ಜಾಸ್ತಿ ಆಯ್ತು ಅನ್ನೋ ಮಾತೂ ಇದೆ. ಗುಡುಗು ಶುರುವಾದರೆ ನಮ್ಮಮ್ಮ ಮಚ್ಚನ್ನು ಅಂಗಳಕ್ಕೆ ಎಸೀತಾರೆ, ಮೊಬೈಲ್ ಮುಟ್ಟೋಕೆ ಬಿಡಲ್ಲ. ಮನೆ ಸುತ್ತ ಇನ್ನೂ ಹದಿನಾಲ್ಕು ತೆಂಗು ಇವೆ. ಎಲ್ಲ ಕಡಿಸಿಬಿಡು ಅಂತ ಅಣ್ಣನ ಸಲಹೆ. ಒಬ್ಬ ಏಜೆಂಟ್ ಬಂದು, ಒಂದು ಅರೆಸ್ಟರ್ (ಸಿಡಿಲನ್ನು ನೆಲಕ್ಕೆ ಇಳಿಸುವ ಕಡ್ಡಿ) ಹಾಕಿಸಿ, ಸುತ್ತ ನೂರು ಮೀಟರ್‌ಗೆ ಸಿಡಿಲು ಬರಲ್ಲ ಅಂತ ಹೇಳಿ ಹೋಗಿದ್ದಾನೆ. ಏನು ಮಾಡಲಿ?

ಉತ್ತರ:

ನಿಮಗೆ ಆ ಸಂಜೆ ಎಲ್ಲಾ ಒಟ್ಟಿಗೇ ಆಗಿದ್ದರಿಂದ ಒಂದೇ ಆಪತ್ತಿನ ಹಾಗೆ ಕಂಡಿದೆ. ಆದರೆ ಶೀಟು ಹಾರಿದ್ದು, ತೆಂಗಿಗೆ ಸಿಡಿಲು ಹೊಡೆದದ್ದು, ಟಿವಿ ಸುಟ್ಟಿದ್ದು ಮೂರೂ ಬೇರೆ ಬೇರೆ. ಒಂದಕ್ಕೆ ಮಾಡುವ ಖರ್ಚು ಇನ್ನೊಂದನ್ನು ತಡೆಯುವುದಿಲ್ಲ. ಅರೆಸ್ಟರ್ ಹಾಕಿಸಿದರೆ ಶೀಟು ನಿಲ್ಲುವುದಿಲ್ಲ, ತೆಂಗು ಕಡಿಸಿದರೆ ಟಿವಿ ಉಳಿಯುವುದಿಲ್ಲ. ಅದಕ್ಕೇ ಒಂದೊಂದಾಗಿ ನೋಡೋಣ.

ಗಾಳಿಯಿಂದಲೇ ಶುರು ಮಾಡುತ್ತೇನೆ. ಗಾಳಿ ಮಳೆ ಹಾನಿ ನೋಡಲು ಊರುಗಳಿಗೆ ಹೋದಾಗ ನಾನು ಮೊದಲು ಗಮನಿಸುವುದು ಮರ ಬಿದ್ದ ದಿಕ್ಕನ್ನು. ನಿಮ್ಮ ಮೂರೂ ಮರ ಈಶಾನ್ಯಕ್ಕೆ ಬಿದ್ದಿವೆ. ಸುತ್ತುವ ಗಾಳಿಯಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಒಂದು ಕಿರಿದಾದ ಪಟ್ಟಿಯಲ್ಲಿ ಮರಗಳು ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದಿರುತ್ತಿದ್ದವು. ಹಾಗಾಗಿ ನಿಮ್ಮಲ್ಲಿಗೆ ಬಂದದ್ದು ಸುಂಟರಗಾಳಿಯಲ್ಲ. ನೈಋತ್ಯಕ್ಕೆ, ಅಂದರೆ ಜಾವಗಲ್ ದಿಕ್ಕಿನಲ್ಲಿ, ಒಂದು ದೊಡ್ಡ ಗುಡುಗು ಮೋಡ ನಿಂತಿತ್ತು. ಅದರೊಳಗಿನಿಂದ ತಣ್ಣನೆ ಗಾಳಿ ನೆಲಕ್ಕೆ ಬಿದ್ದು, ಅಲ್ಲಿಂದ ನಿಮ್ಮ ಕಡೆ ನುಗ್ಗಿದೆ.

ಗಾಳಿ ಮೇಲಿನಿಂದ ಬೀಳುತ್ತದೆ ಅಂದರೆ ಸುಮಾರು ಜನ ನಂಬುವುದಿಲ್ಲ. ನಡೆಯುವುದು ಹೀಗೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಬಯಲುಸೀಮೆಯ ನೆಲ ಮಧ್ಯಾಹ್ನದ ಹೊತ್ತಿಗೆ ಕಾದು ಕೆಂಡವಾಗಿರುತ್ತದೆ. ನೆಲದ ಹತ್ತಿರದ ಬಿಸಿ ಗಾಳಿ ಮೇಲೇಳುತ್ತದೆ. ಅದೇ ಹೊತ್ತಿಗೆ ಅರಬ್ಬಿ ಸಮುದ್ರದ ತೇವ ಒಂದು ಕಡೆಯಿಂದ, ಬಂಗಾಳ ಕೊಲ್ಲಿಯ ತೇವ ಇನ್ನೊಂದು ಕಡೆಯಿಂದ ಒಳನಾಡಿಗೆ ಬಂದಿರುತ್ತದೆ. ಈ ಎರಡು ಗಾಳಿಗಳು ಸೇರುವ ಗೆರೆ ಈ ಕಾಲದಲ್ಲಿ ಹೆಚ್ಚಾಗಿ ಕರ್ನಾಟಕದ ಒಳನಾಡಿನ ಮೇಲೆಯೇ ಉತ್ತರ ದಕ್ಷಿಣವಾಗಿ ಹಾದುಹೋಗುತ್ತದೆ. ಅಲ್ಲಿ ಮೋಡ ಗುಡ್ಡೆ ಗುಡ್ಡೆಯಾಗಿ ಏಳುತ್ತದೆ. ಒಂದು ಗಂಟೆಯೊಳಗೆ 12ರಿಂದ 15 ಕಿಲೋಮೀಟರ್ ಎತ್ತರಕ್ಕೆ ಬೆಳೆಯಬಹುದು. ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ನೀರು ಹೆಪ್ಪುಗಟ್ಟುವಷ್ಟು ಚಳಿ. ಆಲಿಕಲ್ಲು ಹುಟ್ಟುವುದು ಅಲ್ಲಿ.

ಅಷ್ಟು ಮೇಲಿನಿಂದ ಮಳೆ ಬೀಳಲು ಶುರುವಾದಾಗ ಕೆಳಗೆ ಏನಿರುತ್ತದೆ? ಒಣ ಗಾಳಿ. ಮೋಡದ ಬುಡ ನೆಲದಿಂದ ಎರಡು ಕಿಲೋಮೀಟರ್ ಮೇಲೆ ಇರಬಹುದು. ಆ ಒಣ ಗಾಳಿಯಲ್ಲಿ ಹನಿಗಳು ಅರ್ಧ ದಾರಿಯಲ್ಲೇ ಆವಿಯಾಗುತ್ತವೆ. ಆವಿಯಾಗುವ ನೀರು ಸುತ್ತಲಿನ ಗಾಳಿಯ ಬಿಸಿಯನ್ನು ಹೀರುತ್ತದೆ. ತಣ್ಣಗಾದ ಗಾಳಿ ತೂಕವಾಗಿ ಕೆಳಕ್ಕೆ ಧುಮುಕುತ್ತದೆ. ಒಂದು ಕೊಡ ನೀರನ್ನು ಅಂಗಳಕ್ಕೆ ಸುರಿದರೆ ನೆಲ ಮುಟ್ಟಿದ ನೀರು ನಾಲ್ಕೂ ಕಡೆ ಹರಡುತ್ತದಲ್ಲ, ಈ ಗಾಳಿಯೂ ನೆಲಕ್ಕೆ ಬಡಿದು ಹಾಗೆಯೇ ಹರಡುತ್ತದೆ. ಗಂಟೆಗೆ 80, 100 ಕಿಲೋಮೀಟರ್ ವೇಗ ಬರುವುದು ಅಪರೂಪವೇನಲ್ಲ.

ವಿಮಾನ ಓಡಿಸುವವರಿಗೂ ಇದು ಬಹಳ ಕಾಲ ಗೊತ್ತಿರಲಿಲ್ಲ. 1975ರಲ್ಲಿ ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಒಂದು ವಿಮಾನ ಗುಡುಗು ಮಳೆಯಲ್ಲಿ ಬಿದ್ದು ನೂರಕ್ಕೂ ಜಾಸ್ತಿ ಜನ ಸತ್ತರು. ಆ ಅಪಘಾತವನ್ನು ಅಧ್ಯಯನ ಮಾಡಿದ ಷಿಕಾಗೋ ವಿಶ್ವವಿದ್ಯಾಲಯದ ಟೆಡ್ ಫುಜಿಟಾ, ಮೋಡದಿಂದ ಗಾಳಿ ಹೀಗೆ ನೆಲಕ್ಕೆ ಅಪ್ಪಳಿಸಬಲ್ಲದು ಎಂದು ತೋರಿಸಿಕೊಟ್ಟರು. ಬಿದ್ದ ಮರಗಳ ದಿಕ್ಕು ಓದುವ ಪಾಠವೂ ಅವರದೇ.

ಈಗ ನಿಮ್ಮ ಅನುಭವಕ್ಕೆ ಬನ್ನಿ. ಮಳೆಗಿಂತ ಮೊದಲೇ ಗಾಳಿ ಬಂದದ್ದು ಯಾಕೆ? ನೆಲಕ್ಕೆ ಬಿದ್ದ ತಣ್ಣನೆ ಗಾಳಿ ಮಳೆಯನ್ನು ಹಿಂದೆ ಬಿಟ್ಟು ಮುಂದೆ ಓಡುತ್ತದೆ, ಹತ್ತು ಕಿಲೋಮೀಟರ್‌ವರೆಗೂ. ಧಗೆಯಲ್ಲಿ ಬೇಯುತ್ತಿದ್ದಾಗ ಇದ್ದಕ್ಕಿದ್ದಂತೆ ತಣ್ಣಗೆ ಬೀಸಿ, ಧೂಳು ಎದ್ದು, ತೆಂಗಿನ ಗರಿಗಳೆಲ್ಲ ಒಂದೇ ಕಡೆ ಬಾಗಿದರೆ, ಅದು ಬಂದಾಯಿತು ಅಂತ ಅರ್ಥ. ಎಲ್ಲರೂ 'ಅಬ್ಬಾ, ತಂಪಾಯಿತು' ಅಂತ ಅಂಗಳಕ್ಕೆ ಬರುವುದು ಆ ಹೊತ್ತಿನಲ್ಲೇ. ಹಾನಿಯಾಗುವುದೂ ಆ ಹತ್ತು ಹದಿನೈದು ನಿಮಿಷದಲ್ಲೇ. ಶೀಟಿಗೆ ಹಗ್ಗ ಕಟ್ಟಲು, ಒಣಗಲು ಹಾಕಿದ ಕೊಬ್ಬರಿ ಎತ್ತಲು, ಹಸು ಬಿಚ್ಚಲು ಜನ ಓಡುವುದೂ ಅದೇ ಹೊತ್ತಿಗೆ. ಮೊದಲ ಗುಡುಗು ದೂರದಲ್ಲಿ ಕೇಳಿದಾಗಲೇ ಈ ಕೆಲಸ ಮುಗಿದಿರಬೇಕು.

ಸಕಲೇಶಪುರ, ಮೂಡಿಗೆರೆ ಕಡೆ ಇದೇ ಕಾಲದಲ್ಲಿ ಕಾಫಿಗೆ ಹೂಮಳೆ ಬರುತ್ತದೆ. ಅಲ್ಲೂ ಗುಡುಗುತ್ತದೆ, ಮರಗಳೂ ಬೀಳುತ್ತವೆ. ಆದರೆ ಅಲ್ಲಿ ನೆಲದ ಹತ್ತಿರ ತೇವ ಜಾಸ್ತಿ, ಮೋಡದ ಬುಡ ಕೆಳಗೆ. ಹನಿ ಆವಿಯಾಗುವುದು ಕಡಿಮೆ, ತಣ್ಣನೆ ಗಾಳಿಯ ಹೊಡೆತವೂ ಸಾಮಾನ್ಯವಾಗಿ ಕಡಿಮೆ. ಅರಸೀಕೆರೆ, ಕಡೂರು, ಬೀರೂರಿನ ಬಯಲಿನಲ್ಲಿ ಒಣ ನೆಲ, ಒಣ ಗಾಳಿ, ತಡೆಯಲು ಗುಡ್ಡ ಕಾಡು ಇಲ್ಲ. ಆರಿದ್ರ ಮಳೆ ಹೊತ್ತಿಗೆ ಬೀಸುವ ಮುಂಗಾರಿನ ಗಾಳಿ ಬೇರೆ ಜಾತಿ. ಅದು ದಿನಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ, ಏಕಾಏಕಿ ಬಂದು ಹೊಡೆಯುವುದಿಲ್ಲ. ಗುಡುಗು ಸಿಡಿಲೂ ಆಗ ಕಡಿಮೆ.

'ಮೊದಲು ಹೀಗೆ ಇರಲಿಲ್ಲ' ಅನ್ನುವ ಮಾತು. ಅರ್ಧ ನಿಜ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7 ಶೇಕಡಾ ಜಾಸ್ತಿ ತೇವ ಹಿಡಿದಿಟ್ಟುಕೊಳ್ಳಬಲ್ಲದು. ಗುಡುಗು ಮೋಡಕ್ಕೆ ಅದೇ ಮೇವು. ಭೂಮಿ ಬಿಸಿಯಾಗುತ್ತಿರುವುದು ನಿಜ, ಹಾಗಾಗಿ ಮೇವು ಹೆಚ್ಚುತ್ತಿರುವುದೂ ನಿಜ. ಆದರೆ ನಿಮ್ಮ ತಾತನ ಕಾಲದಲ್ಲೂ ಭರಣಿ, ಕೃತಿಕೆಯಲ್ಲಿ ಇಂಥ ಗಾಳಿ ಬೀಸುತ್ತಿತ್ತು. ಆಗ ಹಾರಲು ಶೀಟು ಇರಲಿಲ್ಲ. ಹೆಂಚಿನ ಮನೆಯಲ್ಲಿ ನಾಲ್ಕು ಹೆಂಚು ಸರಿದರೆ ಆ ಸಂದಿಯಿಂದ ಗಾಳಿ ಹೊರಗೆ ಹೋಗುತ್ತಿತ್ತು, ಉಳಿದ ಮಾಡು ಬಚಾವಾಗುತ್ತಿತ್ತು. ಶೀಟು ಹಾಗಲ್ಲ, ಎದ್ದರೆ ಇಡಿಯಾಗಿ ಏಳುತ್ತದೆ. ಹೊಲದ ಬದುಗಳಲ್ಲಿ ಇದ್ದ ಹೊಂಗೆ, ಬೇವು, ಹುಣಸೆಯೂ ಈಗ ಎಷ್ಟು ಉಳಿದಿವೆ ನೋಡಿ.

ಶೀಟಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ಮನೆಯಲ್ಲಿ ಪ್ರಾಣಕ್ಕೆ ಅತಿ ಹತ್ತಿರದ ಅಪಾಯ ಅದೇ, ಕಡಿಮೆ ಖರ್ಚಿನಲ್ಲಿ ಸರಿ ಮಾಡಬಹುದಾದದ್ದೂ ಅದೇ.

ಗಾಳಿ ಶೀಟನ್ನು ಒತ್ತುವುದಿಲ್ಲ, ಮೇಲಕ್ಕೆ ಎಳೆಯುತ್ತದೆ. ಮಾಡಿನ ಮೇಲೆ ಜೋರಾಗಿ ಹರಿಯುವ ಗಾಳಿ ಅಲ್ಲಿ ಒತ್ತಡ ಕಡಿಮೆ ಮಾಡುತ್ತದೆ. ತೆರೆದ ಕಡೆಯಿಂದ ಒಳಗೆ ನುಗ್ಗಿದ ಗಾಳಿ ಕೆಳಗಿನಿಂದ ತಳ್ಳುತ್ತದೆ. ಮೂರು ಕಡೆ ಗೋಡೆ ಕಟ್ಟಿ ಒಂದು ಕಡೆ ಬಿಟ್ಟ ಕೊಟ್ಟಿಗೆ ಎಲ್ಲಕ್ಕಿಂತ ಕೆಟ್ಟದ್ದು, ಒಳಗೆ ಬಂದ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ. ಲೆಕ್ಕ ಹೇಳುತ್ತೇನೆ. ಗಂಟೆಗೆ 80 ಕಿಲೋಮೀಟರ್ ಗಾಳಿಗೆ ಒಂದು ಚದರ ಮೀಟರ್ ಮೇಲೆ ಸುಮಾರು 30 ಕೆಜಿ ಬಲ ಬೀಳುತ್ತದೆ. ಹತ್ತು ಅಡಿಗೆ ಇಪ್ಪತ್ತು ಅಡಿಯ ಸಣ್ಣ ಕೊಟ್ಟಿಗೆ ಅಂದುಕೊಳ್ಳಿ, ಒಟ್ಟು 500 ಕೆಜಿಗೂ ಜಾಸ್ತಿ ಎಳೆತ. ಶೀಟಿನ ತೂಕ ನೂರು ಕೆಜಿಯ ಆಸುಪಾಸು. ಅದರ ಮೇಲೆ ನೀವು ಎಷ್ಟು ಕಲ್ಲು ಇಡ್ತೀರಿ? ಗಾಳಿಯ ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟಾಗುತ್ತದೆ ಅನ್ನುವುದೂ ನೆನಪಿರಲಿ. ಸಾಮಾನ್ಯ ಗಾಳಿಗೆ ನಿಂತ ಕಲ್ಲು ಭರಣಿ ಗಾಳಿಗೆ ನಿಲ್ಲುವುದಿಲ್ಲ, ಹಸುವಿನ ಮೇಲೋ ಮಗುವಿನ ಮೇಲೋ ಬೀಳುತ್ತದೆ. ಕಲ್ಲು, ಹಳೇ ಟೈರು, ಮರಳು ಮೂಟೆ ಎಲ್ಲವನ್ನೂ ಈ ವಾರವೇ ಇಳಿಸಿಬಿಡಿ.

ಮಾಡಬೇಕಾದ್ದು ಕಟ್ಟುವ ಕೆಲಸ. ಶೀಟು ಪೈಪಿಗೆ, ಪೈಪು ಕಂಬಕ್ಕೆ, ಕಂಬ ನೆಲಕ್ಕೆ. ಇದರಲ್ಲಿ ಯಾವುದು ಸಡಿಲವೋ ಅಲ್ಲಿ ಬಿಟ್ಟುಕೊಳ್ಳುತ್ತದೆ. ನಿಮ್ಮದು ಪೈಪಿನ ಸಮೇತ ಹೋಗಿದೆ ಅಂದರೆ ಶೀಟಿನ ಬೋಲ್ಟು ಗಟ್ಟಿಯಾಗಿತ್ತು, ಪೈಪು ಕಂಬಕ್ಕೆ ಸರಿಯಾಗಿ ಹಿಡಿದಿರಲಿಲ್ಲ. ಇದು ನಾನು ಮತ್ತೆ ಮತ್ತೆ ನೋಡುವ ತಪ್ಪು. ವೆಲ್ಡಿಂಗ್‌ನವರು ಎರಡು ಚುಕ್ಕೆ ಹಾಕಿ ಹೋಗಿರುತ್ತಾರೆ. ಪೂರ್ತಿ ವೆಲ್ಡ್ ಮಾಡಿಸಿ, ಇಲ್ಲವೇ ಕ್ಲಾಂಪು ಹಾಕಿ ನಟ್ಟು ಬೋಲ್ಟು ಬಿಗಿಸಿ. ಗೋಡೆಯ ಮೇಲೆ ಕೂರುವ ಪೈಪಾದರೆ ಬರೀ ಸಿಮೆಂಟ್ ಮೆತ್ತಿದರೆ ಸಾಲದು, ಕಬ್ಬಿಣದ ಪಟ್ಟಿಯನ್ನು ಗೋಡೆಯೊಳಗೆ ಎರಡು ಅಡಿ ಇಳಿಸಿ ಹಿಡಿಸಬೇಕು. ಕಂಬದ ಬುಡಕ್ಕೆ ಕಾಂಕ್ರೀಟ್ ಗಡ್ಡೆ ಇರಲಿ. ಎಳೆತ ಅತಿ ಜಾಸ್ತಿ ಇರುವುದು ಮಾಡಿನ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ. ಅಲ್ಲಿ ಶೀಟಿನ ಒಂದು ಏಣು (ಉಬ್ಬು) ಬಿಟ್ಟು ಒಂದಕ್ಕೆ ಜೆ ಬೋಲ್ಟು (ಪೈಪನ್ನು ಹಿಡಿಯುವ ಕೊಕ್ಕೆ ಬೋಲ್ಟು) ಹಾಕಿಸಿ, ಮಧ್ಯದಲ್ಲಿ ಸ್ವಲ್ಪ ದೂರ ಇದ್ದರೂ ನಡೆಯುತ್ತದೆ. ಶೀಟು ಗೋಡೆಯಿಂದ ಆಚೆ ಒಂದೂವರೆ ಅಡಿಗಿಂತ ಜಾಸ್ತಿ ಚಾಚದಿರಲಿ. ಹಿಂದಿನ ಗೋಡೆಯಲ್ಲಿ ಮೇಲ್ಭಾಗಕ್ಕೆ ಗಾಳಿ ಹೋಗಲು ಸಂದಿ ಬಿಡಿ. ಸ್ಕ್ರೂ ಹಾಕಿಸಿದ್ದರೆ ಅದರ ರಬ್ಬರ್ ವಾಷರ್ ಬಿಸಿಲಿಗೆ ಒಡೆಯುತ್ತದೆ. ಯುಗಾದಿಗೆ ಮನೆ ಸುಣ್ಣ ಬಣ್ಣ ಮಾಡುವಾಗ ಅದನ್ನೂ ಒಮ್ಮೆ ನೋಡಿ.

ಎಷ್ಟು ಗಟ್ಟಿ ಬೇಕು ಅಂತ ಕೇಳಿದರೆ, ಕಟ್ಟಡಗಳಿಗೆ ಗಾಳಿಯ ಲೆಕ್ಕ ಹಾಕುವ ಭಾರತೀಯ ಮಾನದಂಡ ಬೆಂಗಳೂರು, ಮೈಸೂರಿಗೆ ಇಟ್ಟುಕೊಂಡಿರುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿಲೋಮೀಟರ್. ದೇಶದಲ್ಲೇ ಅತಿ ಕಡಿಮೆ ವರ್ಗ ಅದು. ನಮ್ಮ ಕೊಟ್ಟಿಗೆಗಳು ಅದಕ್ಕೂ ನಿಲ್ಲುವುದಿಲ್ಲ.

ಇನ್ನು ತೆಂಗು. ನಿಮ್ಮ ಅಣ್ಣನವರ ಭಯ ಅರ್ಥವಾಗುತ್ತದೆ, ಆದರೆ ಹದಿನಾಲ್ಕನ್ನೂ ಕಡಿಸಬೇಡಿ. ಆರೋಗ್ಯವಾದ ತೆಂಗು ಬಿರುಗಾಳಿಗೆ ಬಾಗುವ ಮರ, ಸುಲಭಕ್ಕೆ ಬೀಳುವುದಿಲ್ಲ. ಬೀಳುವುದು ಒಳಗೆ ಟೊಳ್ಳಾದದ್ದು. ಕೆಂಪು ಮೂತಿ ಹುಳು ಕೊರೆದದ್ದು, ಕಾಂಡ ಸೋರುವ ರೋಗ ಬಂದದ್ದು, ಬುಡದಲ್ಲಿ ಅಣಬೆ ಎದ್ದದ್ದು. ಬಿದ್ದ ಎರಡು ತೆಂಗಿನ ಬುಡ ನೋಡಿದ್ದೀರಾ? ಕೊಳೆತಿತ್ತು ಅಂತಾದರೆ ನನಗೆ ಆಶ್ಚರ್ಯವಿಲ್ಲ. ಉಳಿದ ಮರಗಳ ಕಾಂಡವನ್ನು ಮಚ್ಚಿನ ಹಿಂಬದಿಯಿಂದ ತಟ್ಟಿ ಕೇಳಿ. ಟೊಳ್ಳು ಸದ್ದು, ಕಂದು ದ್ರವ ಸೋರಿದ ಗುರುತು, ಕಾಂಡದಲ್ಲಿ ತೂತು ಕಂಡರೆ, ಅದು ಬಿದ್ದರೆ ಮನೆ ಅಥವಾ ಕೊಟ್ಟಿಗೆಗೆ ತಾಗುವಷ್ಟು ಹತ್ತಿರವಿದ್ದರೆ, ಆ ಮರ ತೆಗೆಸಿ. ಮಾಡಿನ ಮೇಲೆ ವಾಲಿದ್ದನ್ನೂ ತೆಗೆಸಿ. ಗೋಡೆಗೆ ಹತ್ತು ಅಡಿಯೊಳಗೆ ಇರುವುದಕ್ಕೆ ಬೇರೆ ಕಾರಣವೂ ಇದೆ, ಮರಕ್ಕೆ ಹೊಡೆದ ಸಿಡಿಲು ಪಕ್ಕಕ್ಕೆ ಹಾರಿ ಮನೆಗೆ ಬರಬಹುದು.

ಎಲ್ಲಾ ಕಡಿಸಿದರೆ ಆಗುವ ನಷ್ಟ ಬರೀ ಕಾಯಿಯದ್ದಲ್ಲ. ಸಾಲುಮರದ ಹಿಂದೆ, ಅದರ ಎತ್ತರದ ಹತ್ತರಷ್ಟು ದೂರದವರೆಗೂ ಗಾಳಿಯ ವೇಗ ಕಡಿಮೆ ಇರುತ್ತದೆ. ನೈಋತ್ಯದ ಸಾಲು ಕಡಿಸಿದರೆ ಮುಂದಿನ ಗಾಳಿ ನೇರವಾಗಿ ಕೊಟ್ಟಿಗೆಗೆ ಬಡಿಯುತ್ತದೆ. ಬೋಳು ಬಯಲಿನಲ್ಲಿ ನಿಮ್ಮ ಮನೆಯೇ ಎತ್ತರದ ವಸ್ತುವಾಗುತ್ತದೆ, ಅದು ಸಿಡಿಲಿಗೂ ಒಳ್ಳೆಯದಲ್ಲ. ಮಾರ್ಚ್ ಮುಗಿಯುವುದರೊಳಗೆ ಒಣ ಗರಿ, ಬಲಿತ ಕಾಯಿ ಇಳಿಸಿಬಿಡಿ. ತೆಂಗಿಗಿಂತ ನನಗೆ ಮನೆ ಪಕ್ಕದ ಸಿಲ್ವರ್, ನೀಲಗಿರಿ ಮರಗಳ ಮೇಲೆ ಅನುಮಾನ ಜಾಸ್ತಿ. ಬೇಗ ಎತ್ತರ ಬೆಳೆದು ಅರ್ಧಕ್ಕೆ ಮುರಿಯುತ್ತವೆ. ಕರೆಂಟ್ ತಂತಿಗೆ ತಾಗುವ ಮರವನ್ನು ಮಾತ್ರ ನೀವೇ ಕಡಿಯಲು ಹೋಗಬೇಡಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಲಿ. ಹಾಸನ ಜಿಲ್ಲೆಗೆ ಸೆಸ್ಕ್, ಪಕ್ಕದ ಕಡೂರಿಗೆ ಮೆಸ್ಕಾಂ. ಎರಡಕ್ಕೂ ದೂರವಾಣಿ 1912.

ಸಿಡಿಲಿಗೆ ಬರೋಣ. ನಿಮ್ಮ ಅಮ್ಮನವರ ಮಚ್ಚು ಏನೂ ಮಾಡುವುದಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ನೆಲದ ಮೇಲೆ ಬಿದ್ದಿರುವ ಒಂದು ತುಂಡು ಕಬ್ಬಿಣ ಕಿಲೋಮೀಟರ್‌ಗಟ್ಟಲೆ ಮೇಲಿನಿಂದ ಬರುವ ಸಿಡಿಲಿನ ದಾರಿ ತಪ್ಪಿಸುವುದಿಲ್ಲ. ಸಿಡಿಲು ನೋಡುವುದು ಎತ್ತರವನ್ನು, ಒಂಟಿಯಾಗಿ ನಿಂತದ್ದನ್ನು. ಎಸೆಯಲು ಅವರು ಹೊರಗೆ ಬರುತ್ತಾರಲ್ಲ, ಅದೊಂದೇ ತೊಂದರೆ. ಅರ್ಜುನ, ಫಲ್ಗುಣ ಅಂತ ಹೆಸರು ಹೇಳಿಕೊಳ್ಳುವುದಿದ್ದರೆ ಒಳಗೆ ಕೂತೇ ಹೇಳಿಕೊಳ್ಳಲಿ.

ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ. ಮನೆಯೊಳಗೆ ಕೈಯಲ್ಲಿ ಹಿಡಿದು ಮಾತಾಡಬಹುದು. ಚಾರ್ಜಿಗೆ ಹಾಕಿದ ಮೊಬೈಲ್ ಮಾತ್ರ ಬೇಡ, ಅಲ್ಲಿ ಅಪಾಯ ವೈರಿನದು. ಟವರ್ ಕೂಡ ಸಿಡಿಲನ್ನು ಹುಟ್ಟಿಸುವುದಿಲ್ಲ. ಎತ್ತರವಿರುವುದರಿಂದ ತನ್ನ ಆಸುಪಾಸಿನ ಸಿಡಿಲನ್ನು ತಾನು ತೆಗೆದುಕೊಳ್ಳುತ್ತದೆ, ಅದಕ್ಕೆ ಅದರದೇ ಕಡ್ಡಿ, ಅರ್ಥಿಂಗ್ ಇರುತ್ತದೆ. ಮುನ್ನೂರು ಮೀಟರ್ ದೂರದ ನಿಮಗೆ ಅದರಿಂದ ರಕ್ಷಣೆಯೂ ಇಲ್ಲ, ಹೆಚ್ಚಿನ ಸಿಡಿಲೂ ಇಲ್ಲ. ಟವರ್‌ಗೂ ನಿಮ್ಮ ಮನೆಗೂ ಒಂದೇ ಟ್ರಾನ್ಸ್‌ಫಾರ್ಮರ್ ಆಗಿದ್ದರೆ ಆ ತಂತಿ ಮೂಲಕ ವೋಲ್ಟೇಜ್ ಏರಿ ಬರಬಹುದು, ಅಷ್ಟೇ. ರಬ್ಬರ್ ಚಪ್ಪಲಿ ಕಾಪಾಡುತ್ತದೆ ಅನ್ನುವುದೂ, ಒಮ್ಮೆ ಹೊಡೆದ ಜಾಗಕ್ಕೆ ಮತ್ತೆ ಹೊಡೆಯಲ್ಲ ಅನ್ನುವುದೂ ಸುಳ್ಳು.

ಸ್ವಿಚ್ ಆಫ್ ಇದ್ದರೂ ಟಿವಿ ಯಾಕೆ ಸುಟ್ಟಿತು? ಸ್ವಿಚ್ಚಿನೊಳಗಿನ ಸಂದಿ ಕೆಲವು ಮಿಲಿಮೀಟರ್. ಮೋಡದಿಂದ ನೆಲಕ್ಕೆ ಕಿಲೋಮೀಟರ್ ಹಾರಿ ಬಂದ ಸಿಡಿಲಿಗೆ ಅದು ಲೆಕ್ಕಕ್ಕೇ ಇಲ್ಲ. ಅರವತ್ತು ಅಡಿ ದೂರದಲ್ಲಿ ಹೊಡೆದರೂ ಹತ್ತಿರದ ಕರೆಂಟ್ ತಂತಿ, ಡಿಶ್ ಕೇಬಲ್ಲಿನಲ್ಲಿ ಸಾವಿರಾರು ವೋಲ್ಟ್ ಎದ್ದು ಒಳಗೆ ಬರುತ್ತದೆ. ಎಂಸಿಬಿಯೂ (ಕರೆಂಟ್ ಜಾಸ್ತಿಯಾದರೆ ತಾನಾಗಿ ಆಫ್ ಆಗುವ ಸ್ವಿಚ್) ಇದನ್ನು ತಡೆಯುವಷ್ಟು ಬೇಗ ಕೆಲಸ ಮಾಡುವುದಿಲ್ಲ. ಪ್ಲಗ್ ಕಿತ್ತು ಒಂದು ಅಡಿ ದೂರ ಇಡಬೇಕು. ಡಿಶ್ಶಿನ ವೈರನ್ನೂ ಕೀಳಬೇಕು. ಮೋಟಾರಿನ ಫ್ಯೂಸ್ ಕ್ಯಾರಿಯರ್ ತೆಗೆದಿಡಬೇಕು. ಇದೆಲ್ಲ ಮಿಂಚು ದೂರದಲ್ಲಿ ಇರುವಾಗ. ತಲೆ ಮೇಲೆ ಗುಡುಗುತ್ತಿರುವಾಗ ಪ್ಲಗ್ ಕೀಳಲು ಹೋಗಬೇಡಿ, ಟಿವಿ ಹೋದರೆ ಹೋಗಲಿ.

ನೀವು ಮನೆಯಲ್ಲಿ ಇಲ್ಲದಾಗಲೂ ಕಾಯಬೇಕು ಅಂದರೆ ಮೀಟರ್ ಬೋರ್ಡಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿ, ಇದ್ದಕ್ಕಿದ್ದಂತೆ ಏರಿ ಬಂದ ವೋಲ್ಟೇಜನ್ನು ಅದು ನೆಲಕ್ಕೆ ಹರಿಸುತ್ತದೆ. ಕೆಲವು ಸಾವಿರ ರೂಪಾಯಿಯ ಕೆಲಸ. ಆದರೆ ಅರ್ಥಿಂಗ್ ಸರಿ ಇಲ್ಲದಿದ್ದರೆ ಅದು ಗೋಡೆಗೆ ಹಾಕಿದ ಡಬ್ಬ ಮಾತ್ರ. ನಮ್ಮ ಕಡೆಯ ಒಣ ಕೆಂಪು ಮಣ್ಣಿನಲ್ಲಿ ಅರ್ಥಿಂಗ್ ಹದಗೆಡುವುದು ಬೇಸಿಗೆಯಲ್ಲೇ, ಸಿಡಿಲು ಜಾಸ್ತಿ ಇರುವುದೂ ಆಗಲೇ. ಇದ್ದಿಲು, ಉಪ್ಪು ಹಾಕಿದ ಗುಂಡಿಗೆ ಫೆಬ್ರವರಿಯಿಂದ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಎಲೆಕ್ಟ್ರಿಷಿಯನ್ ಕರೆದು ಅಳತೆ ಮಾಡಿಸಿ, 10 ಓಮ್‌ಗಿಂತ ಕಡಿಮೆ ಬರಬೇಕು.

ಏಜೆಂಟ್ ಹೇಳಿದ ನೂರು ಮೀಟರ್ ಮಾತಿಗೆ ಬಂದರೆ, ನಂಬಬೇಡಿ. ಅರೆಸ್ಟರ್ ಸಿಡಿಲು ಬರದಂತೆ ಮಾಡುವುದಿಲ್ಲ, ಬಂದ ಸಿಡಿಲಿಗೆ ನೆಲಕ್ಕೆ ಇಳಿಯಲು ದಾರಿ ಕೊಡುತ್ತದೆ. 1750ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್ ಹೇಳಿದ ಕಡ್ಡಿಯ ತತ್ವವೇ ಇವತ್ತಿಗೂ ನಡೆಯುತ್ತಿರುವುದು. ಸಣ್ಣ ಮನೆಗೆ ಸ್ಥೂಲ ಲೆಕ್ಕ ಏನೆಂದರೆ, ಕಡ್ಡಿಯ ತುದಿ ನೆಲದಿಂದ ಎಷ್ಟು ಎತ್ತರವೋ ಬುಡದ ಸುತ್ತ ಹೆಚ್ಚುಕಡಿಮೆ ಅಷ್ಟೇ ದೂರಕ್ಕೆ ರಕ್ಷಣೆ. ತುದಿಗೆ ಗುಂಡು, ಬಟ್ಟಲು ಜೋಡಿಸಿ ವ್ಯಾಪ್ತಿ ಜಾಸ್ತಿ ಅಂತ ಮಾರುವವರಿದ್ದಾರೆ. ಐಎಸ್/ಐಇಸಿ 62305 ಅನ್ನುವ ನಮ್ಮ ಮಾನದಂಡ ಕಡ್ಡಿಯ ನಿಜವಾದ ಅಳತೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅನ್ನುತ್ತದೆ. ಏಜೆಂಟ್ ಮತ್ತೆ ಬಂದರೆ ಈ ನಂಬರ್ ಹೇಳಿ, ಅದರ ಪ್ರಕಾರ ಬರೆದು ಕೊಡಿ ಅಂತ ಕೇಳಿ ನೋಡಿ.

ಸಾಧಾರಣ ಅರೆಸ್ಟರ್ ಹಾಕಿಸುವುದಾದರೆ ಹಾಕಿಸಿ, ತಪ್ಪೇನಿಲ್ಲ. ನಿಮ್ಮದು ತೋಟದ ನಡುವಿನ ಒಂಟಿ ಮನೆ. ಆದರೆ ಕಡ್ಡಿಯಿಂದ ಇಳಿಯುವ ಪಟ್ಟಿ ಎರಡು ಕಡೆ ಇರಲಿ, ಚೂಪಾಗಿ ಮಡಿಸದೆ ನೇರ ಇಳಿಯಲಿ, ಬಾಗಿಲ ಪಕ್ಕ ಬೇಡ. ಅದರ ಅರ್ಥಿಂಗ್ ಮತ್ತು ಮನೆಯ ಅರ್ಥಿಂಗ್ ನೆಲದಲ್ಲಿ ಒಂದಕ್ಕೊಂದು ಸೇರಿರಲಿ. ಅರ್ಧಂಬರ್ಧ ಹಾಕಿಸಿದ ಅರೆಸ್ಟರ್ ಇಲ್ಲದ್ದಕ್ಕಿಂತ ಕೆಟ್ಟದ್ದು, ಸಿಡಿಲನ್ನು ಮನೆ ಮೇಲೆ ಕರೆದು ದಾರಿ ತೋರಿಸದೆ ಬಿಟ್ಟಂತೆ. ನನ್ನ ಕೇಳಿದರೆ ದುಡ್ಡು ಮೊದಲು ಕೊಟ್ಟಿಗೆಗೆ, ಆಮೇಲೆ ಅರ್ಥಿಂಗ್ ಮತ್ತು ಸರ್ಜ್ ಪ್ರೊಟೆಕ್ಟರ್‌ಗೆ, ಉಳಿದರೆ ಅರೆಸ್ಟರ್‌ಗೆ.

ಹಸುಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಸಿಡಿಲು ನೇರ ಹೊಡೆದು ಸಾಯುವುದು ಕಡಿಮೆ. ಹತ್ತಿರದ ಮರಕ್ಕೆ ಹೊಡೆದ ಸಿಡಿಲು ನೆಲದಲ್ಲಿ ಹರಡುತ್ತದೆ. ಹಸುವಿನ ಮುಂಗಾಲಿಗೂ ಹಿಂಗಾಲಿಗೂ ದೂರ ಜಾಸ್ತಿ, ಆ ಕಾಲಿಂದ ಈ ಕಾಲಿಗೆ ಕರೆಂಟ್ ಹಾಯುವಾಗ ನಡುವೆ ಎದೆ ಇರುತ್ತದೆ. ಒಂದು ಮರದ ಕೆಳಗೆ ನಿಂತ ಕುರಿ ಹಿಂಡು ಒಟ್ಟಿಗೇ ಸಾಯುವುದು ಹೀಗೆ. ಮಧ್ಯಾಹ್ನ ಮೋಡ ಕಟ್ಟುವ ದಿನಗಳಲ್ಲಿ ತೆಂಗು, ಹುಣಸೆ ಬುಡಕ್ಕೆ ಕಟ್ಟಬೇಡಿ. ತಂತಿ ಬೇಲಿಯ ಪಕ್ಕವೂ ಬೇಡ. ಕೊಟ್ಟಿಗೆಯಲ್ಲಿ ಕಬ್ಬಿಣದ ಕಂಬಕ್ಕೆ ಸರಪಳಿ ಹಾಕುವ ಬದಲು ಹಗ್ಗ ಬಳಸಿ.

ಜನರಿಗೂ ಇದೇ ಮಾತು. ದೇಶದಲ್ಲಿ ವರ್ಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ಸಿಡಿಲಿಗೆ ಸಾಯುತ್ತಿದ್ದಾರೆ. ಹೊಲದಲ್ಲಿ ಇದ್ದವರು, ಮಳೆಗೆ ಮರದಡಿ ನಿಂತವರು ಇದರಲ್ಲಿ ಜಾಸ್ತಿ. ಮಿಂಚು ಕಂಡ ಕೂಡಲೇ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಮೋಡ 10 ಕಿಲೋಮೀಟರ್ ಒಳಗಿದೆ, ಒಳಗೆ ನಡೆಯಿರಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೂ ಹೊರಗೆ ಬರಬೇಡಿ. ತೆರೆದ ಕೊಟ್ಟಿಗೆ ಲೆಕ್ಕಕ್ಕಿಲ್ಲ, ಆರ್‌ಸಿಸಿ ಮನೆ ಅಥವಾ ಗಾಜು ಮುಚ್ಚಿದ ಕಾರು, ಬಸ್ಸು ಆದೀತು. ಬೈಕು, ಟ್ರ್ಯಾಕ್ಟರ್ ಆಗುವುದಿಲ್ಲ. ಹತ್ತಿರ ಏನೂ ಇಲ್ಲದೆ ತೋಟದಲ್ಲಿ ಸಿಕ್ಕಿಕೊಂಡರೆ ಮರಗಳಿಂದ ದೂರ ಹೋಗಿ ಕಾಲು ಜೋಡಿಸಿ ಕುಕ್ಕರಗಾಲಲ್ಲಿ ಕೂರಿ, ಮಲಗಬೇಡಿ. ಇದು ಗತಿ ಇಲ್ಲದಾಗ ಮಾತ್ರ.

ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರು ನಿಂತಿದ್ದರೆ ಎದೆಯ ನಡುವೆ ಎರಡೂ ಕೈ ಇಟ್ಟು ನಿಮಿಷಕ್ಕೆ ನೂರಕ್ಕಿಂತ ಸ್ವಲ್ಪ ಹೆಚ್ಚು ಸಲ ಗಟ್ಟಿಯಾಗಿ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸತ್ತರು ಅಂತ ಬಿಟ್ಟವರಲ್ಲಿ ಕೆಲವರು ಇದರಿಂದ ಉಳಿಯಬಹುದಿತ್ತು.

ಮುನ್ಸೂಚನೆಯನ್ನು ಹೇಗೆ ಓದಬೇಕು ಅನ್ನುವುದೂ ಮುಖ್ಯ. 'ಹಾಸನ ಜಿಲ್ಲೆಗೆ ಯೆಲ್ಲೋ ಅಲರ್ಟ್ ಅಂದ್ರು, ನಮ್ಮೂರಿಗೆ ಹನಿ ಬೀಳಲಿಲ್ಲ' ಅಂತ ಜನ ನಗುತ್ತಾರೆ. ಒಂದು ಗುಡುಗು ಮೋಡದ ಆಯಸ್ಸು ಅರ್ಧ ಗಂಟೆ, ಒಂದು ಗಂಟೆ. ನಾಳೆ ಅದು ಬಾಣಾವರದ ಮೇಲೆ ಹುಟ್ಟುತ್ತದೋ ಕಣಕಟ್ಟೆಯ ಮೇಲೋ ಅಂತ ಇವತ್ತು ಯಾರೂ ಹೇಳಲಾರರು. ಜಿಲ್ಲೆಗೆ ಎಚ್ಚರಿಕೆ ಇದೆ ಅಂದರೆ ಮೋಡ ಹುಟ್ಟುವ ಹವೆ ಇದೆ ಅಂತ ಅರ್ಥ. ಅವತ್ತು ಮಧ್ಯಾಹ್ನ ಮೂರರ ನಂತರ ಫೋನಿನಲ್ಲಿ ದಾಮಿನಿ ಆ್ಯಪ್ ತೆಗೆದು ನೋಡಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯದು. ನಿಮ್ಮ ಸುತ್ತ 20 ಮತ್ತು 40 ಕಿಲೋಮೀಟರ್ ಒಳಗೆ ಸಿಡಿಲು ಬೀಳುತ್ತಿದ್ದರೆ ತೋರಿಸುತ್ತದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ಸಿಡಿಲು' ಆ್ಯಪ್ ಕೂಡ ಇದೆ. 40ರ ವಲಯದಲ್ಲಿ ಕಂಡಾಗ ಪ್ಲಗ್ ಕೀಳಿ, ಕೊಬ್ಬರಿ ಎತ್ತಿ, ಹಸು ಮರದ ಬುಡದಿಂದ ಬಿಚ್ಚಿ. 20ಕ್ಕೆ ಬಂದಾಗ ನೀವು ಒಳಗಿರಬೇಕು.

ಹೋದ ವರ್ಷದ ನಷ್ಟಕ್ಕೆ ನೀವು ಅರ್ಜಿ ಹಾಕಿದಿರೋ ಇಲ್ಲವೋ ಬರೆದಿಲ್ಲ. ಇನ್ನು ಮುಂದೆ ಹೀಗಾದರೆ ಬಿದ್ದದ್ದನ್ನು ಎತ್ತುವ ಮೊದಲೇ ಫೋಟೋ ತೆಗೆದು ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ಬಂದು ಮಹಜರು ಮಾಡಲಿ. ಸಿಡಿಲಿಗೆ ಹಸು ಸತ್ತರೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಲೇಬೇಕು. ಅದಿಲ್ಲದೆ ಹೂತುಬಿಟ್ಟರೆ ಪರಿಹಾರ ಸಿಗುವುದು ಕಷ್ಟ.